ಮದ್ದುಸೊಪ್ಪಿನ ಹತ್ತೊಂಬತ್ತನೆಯ ದಿನ

ಆಗ ನನಗೆ ಹದಿನಾರು. ಈಗ ಅದಾಗಿ ಐವತ್ತು ವರ್ಷದ ಮೇಲಾಗಿದೆ. ಆಲೂರು ಕಡೆಯ ಬಯಲಿನಿಂದ ದೋಣಿಗಲ್ಲಿನ ಕೆಳಗಿನ ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಮೊದಲ ಆಷಾಢ ತವರಿನಲ್ಲಿ ಕಳೆಯಿತು. ವಾಪಸ್ಸು ಬಂದ ಮೇಲೆ ಚಳಿಜ್ವರ ಹಿಡಿದು ತಿಂಗಳುಗಟ್ಟಲೆ ಮಲಗಿದೆ. ಹೇಲು-ಉಚ್ಚೆ ಎಲ್ಲ ಅತ್ತೆಯೇ ಬಳಿದರು. ಇನ್ನೊಂದು ಸಲ ಆ ಜ್ವರ ಬಂದರೆ ಇವಳು ಉಳಿಯುವುದಿಲ್ಲ ಎಂದು ಅವರಿಗೆ ಭಯ. ನನಗೆ ಅಂಥ ಭಯವೇನೂ ಇರಲಿಲ್ಲ. ಆ ವಯಸ್ಸಿನಲ್ಲಿ ಯಾರಿಗಿರುತ್ತದೆ?

ಮರುವರ್ಷ ಜಡಿಮಳೆಯ ಆಟಿ ತಿಂಗಳ ಹದಿನೆಂಟನೆಯ ದಿನ ಬಂತು. ಆ ಒಂದು ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ, ತಿಂದವರ ಹತ್ತಿರ ವರ್ಷವಿಡೀ ಕಾಯಿಲೆ ಸುಳಿಯುವುದಿಲ್ಲ ಎಂದು ಈ ಕಡೆಯವರ ನಂಬಿಕೆ. ಅತ್ತೆ ಸೊಪ್ಪು ಬೇಯಿಸಿ, ಆ ನೀರಿಗೆ ಅಕ್ಕಿ, ಬೆಲ್ಲ ಹಾಕಿ ಪಾಯಸ ಮಾಡಿದರು. ನೇರಳೆಹಣ್ಣು ಕಿವುಚಿದ ಬಣ್ಣ. ಜ್ವರದಲ್ಲಿ ಕುಡಿದ ಕಷಾಯಗಳೆಲ್ಲ ನೆನಪಾಗಿ ನನಗೆ ಓಕರಿಕೆ ಬಂತು. ಎಲ್ಲರ ಕಣ್ಣು ತಪ್ಪಿಸಿ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದು, ಬಾಯಿ ಒರೆಸಿಕೊಂಡು ಬಂದೆ.

ಮಾರನೆಯ ಬೆಳಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಾಗ ಹಿರಿಯ ಓರಗಿತ್ತಿ ಕೇಳಿದಳು, “ಏನಮ್ಮಿ, ಕೆಂಪಾಯ್ತಾ?”

ಪಾಯಸ ಸುರಿಯುವಾಗ ಕೈಗೆ ಹತ್ತಿದ ಬಣ್ಣದ ಬಗ್ಗೆ ಕೇಳುತ್ತಿದ್ದಾಳೆ ಅಂದುಕೊಂಡೆ. “ಹೂಂ ಕಣಕ್ಕ, ಎರಡು ಕೈನೂ ಆಗಿತ್ತು. ತಿಕ್ಕಿ ತೊಳ್ಕಂಡೆ.”

ಅವಳು ಬುಟ್ಟಿ ಕೆಳಗಿಟ್ಟು ನಕ್ಕಳು. “ಅತ್ತೆಮ್ಮಾ, ಬನ್ರಿ ಇಲ್ಲಿ! ನಿಮ್ ಬಯಲುಸೀಮೆ ಸೊಸೆ ಕೈಯಾಗೆ ಉಚ್ಚೆ ಹೊಯ್ತಾಳಂತೆ!”

ಆ ಸೊಪ್ಪು ತಿಂದರೆ ಮಾರನೆಯ ದಿನ ಉಚ್ಚೆ ಕೆಂಪಗಾಗುತ್ತದೆ. ತಿಂದದ್ದಕ್ಕೆ ಅದೇ ಸಾಕ್ಷಿ. ನನಗೆ ಯಾರೂ ಹೇಳಿರಲಿಲ್ಲ.

“ತಿನ್ನಲಿಲ್ವಾ?” ಎಂದರು ಅತ್ತೆ.

“ಎಮ್ಮೆಗೆ ಹಾಕ್ಬುಟ್ಟೆ.”

“ಹಂಗಾರೆ ಎಮ್ಮೆಗೆ ಈ ವರ್ಷ ಚಳಿಜ್ವರ ಬರಲ್ಲ ಬುಡು,” ಎಂದಳು ಓರಗಿತ್ತಿ.

ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಕಾಡಿನ ಅಂಚಿಗೆ ಹೋದರು. ಒಂದು ಹೊರೆ ಸೊಪ್ಪು ತಂದರು. ಇಂಬಳ ಕಚ್ಚಿ ಮೀನಖಂಡದಿಂದ ರಕ್ತ ಇಳಿಯುತ್ತಿತ್ತು.

“ನಿನ್ನೆಗೇ ಮುಗೀತಲ್ಲ ಅತ್ತೆಮ್ಮ, ಇವತ್ತೆಲ್ಲಿ ಮದ್ದು?” ಎಂದಳು ಓರಗಿತ್ತಿ.

“ಹದಿನೆಂಟಿಲ್ದಿದ್ರೆ ಹದಿನೇಳಾದ್ರೂ ಇರ್ತಾವೆ. ಸುಮ್ಕಿರು.”

ನನ್ನೊಬ್ಬಳಿಗಾಗಿ ಮತ್ತೆ ಒಲೆ ಹಚ್ಚಿದರು. ಬಟ್ಟಲು ಮುಂದಿಟ್ಟು, ಎದುರಿಗೆ ಕೂತು ಗಾಯಕ್ಕೆ ಸುಣ್ಣ ಹಚ್ಚಿಕೊಳ್ಳುತ್ತಾ ಹೇಳಿದರು, “ಹೋದ್ ಸಲ ನಿನ್ ಹೆಣ ನೋಡ್ದಂಗಾಗಿತ್ತು ಕಣಮ್ಮಿ. ಇನ್ನೊಂದ್ ಸಲ ನನ್ ಕೈಲಾಗಲ್ಲ.”

ತಿಂದೆ. ಹದಿನೆಂಟು ಮದ್ದನ್ನು ನಂಬಿ ಅಲ್ಲ. ಅವರು ಆ ಹೊತ್ತಿನಲ್ಲಿ ಹುಲ್ಲು ಬೇಯಿಸಿ ಕೊಟ್ಟಿದ್ದರೂ ತಿನ್ನುತ್ತಿದ್ದೆ. ಬೆಲ್ಲ ಜಾಸ್ತಿ ಹಾಕಿದ್ದರು. ನಿಜ ಹೇಳಬೇಕೆಂದರೆ ರುಚಿಯಾಗಿಯೇ ಇತ್ತು, ಇನ್ನೊಂದು ಸೌಟು ಹಾಕಿಸಿಕೊಂಡೆ. ಆ ಜ್ವರ ಮತ್ತೆ ಬರಲಿಲ್ಲ. ಸೊಪ್ಪಿನಿಂದಲೋ ಅಲ್ಲವೋ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಬದುಕಿದ್ದು ಮಾತ್ರ ಅವರ ಋಣ. ಇದನ್ನು ಅವರಿದ್ದಾಗ ಹೇಳಲಿಲ್ಲ, ಹೇಳಿದ್ದರೆ ಕೆಲಸ ನೋಡು ಹೋಗು ಅನ್ನುತ್ತಿದ್ದರು.

ಮಾರನೆಯ ಬೆಳಗ್ಗೆ ಎದ್ದವಳೇ ಕೊಟ್ಟಿಗೆಯ ಹಿಂದಿನ ಸೂರಿನಡಿ ಹೋಗಿ ಕೂತೆ. ಆಮೇಲೆ ಒಳಗೆ ಓಡಿ, ಒಲೆ ಊದುತ್ತಿದ್ದ ಅತ್ತೆಯ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದೆ.