ಲೈನ್ ಕಟ್ ಆಯಿತೆಂಬ ಸುಳ್ಳು

ಯಲಹಂಕದ ನಮ್ಮ ಸಮುದಾಯ ರೇಡಿಯೊದಲ್ಲಿ ಒಂದು ವಾಕ್ಯ ಎಲ್ಲರಿಗೂ ಬಾಯಿಪಾಠವಾಗಿತ್ತು: ‘ಅಯ್ಯೋ, ಲೈನ್ ಕಟ್ ಆಯ್ತು ಅನ್ಸುತ್ತೆ.’ ಬೆಳಗಿನ ದೂರು ಕಾರ್ಯಕ್ರಮಕ್ಕೆ ಕರೆ ಮಾಡಿದವರು ಹೇಳಬಾರದ್ದನ್ನು ಹೇಳತೊಡಗಿದರೆ, ನಿರೂಪಕರು ಅವರ ದನಿಯನ್ನು ಏರಿಳಿಸುವ ಫೇಡರನ್ನು ಮೆಲ್ಲಗೆ ಕೆಳಕ್ಕೆಳೆದು, ಕನಿಕರ ಬೆರೆಸಿ ಹೀಗೆನ್ನಬೇಕು. ಹೇಳಬಾರದ್ದು ಯಾವುದೆಂದು ನಿರ್ಧರಿಸುತ್ತಿದ್ದವರು ಜಾಹೀರಾತುದಾರರು. ನಮ್ಮ ವ್ಯವಸ್ಥಾಪಕರು ಇದನ್ನು ಮರ್ಯಾದೆಯ ವಿಧಾನವೆಂದು ಕರೆಯುತ್ತಿದ್ದರು. ನಾನು ಸುಳ್ಳೆಂದು ಕರೆಯುತ್ತೇನೆ. ಜನರ ಹೆಸರಿನಲ್ಲಿ ಪರವಾನಗಿ ಪಡೆದು ಜನರ ಬಾಯಿಗೇ ಬೀಗ ಹಾಕುವುದಕ್ಕೆ ಇದಕ್ಕಿಂತ ಮೃದುವಾದ ಪದ ನನಗೆ ಸಿಕ್ಕಿಲ್ಲ.

ನಾನು ಅಲ್ಲಿ ಸಂಬಳವಿಲ್ಲದ ಸ್ವಯಂಸೇವಕ. ಬಂದ ಕರೆಗಳನ್ನು ಸ್ಟುಡಿಯೊಗೆ ದಾಟಿಸುವುದು ನನ್ನ ಕೆಲಸ. ನಿರೂಪಕಿ ಆರ್.ಟಿ. ನಗರದವರು. ಮನೆಯಲ್ಲಿ ದಖನಿ ಉರ್ದು, ಮೈಕಿನ ಮುಂದೆ ಕನ್ನಡ. ಅವರ ಹೆಸರು ತಿಳಿದ ಮೇಲಷ್ಟೇ ಅವರ ಉಚ್ಚಾರಣೆಯಲ್ಲಿ ದೋಷ ಕಂಡ ಮಹನೀಯರೂ ಇದ್ದರು. ಆ ಕೊಳಕನ್ನೂ ಇಲ್ಲಿ ಹೇಳದೆ ಬಿಡಲಾರೆ. ಉಳಿದ ಕೇಳುಗರು ಮಾತ್ರ ಆ ದನಿಯನ್ನು ಮನೆಮಗಳ ದನಿಯಂತೆ ನಂಬುತ್ತಿದ್ದರು.

ಹಾಗೆ ನಂಬಿದವರಲ್ಲಿ ರಾಜಾನುಕುಂಟೆಯಾಚೆಯ ಹಳ್ಳಿಯಿಂದ ದೊಡ್ಡಬಳ್ಳಾಪುರ ರಸ್ತೆಗೆ ಸೊಪ್ಪು ತಂದು ಮಾರುವ ಅಜ್ಜಿಯೊಬ್ಬರಿದ್ದರು. ಹಳ್ಳಿಯ ಬಂಡಿದಾರಿಗೆ ಅಡ್ಡಲಾಗಿ ಹೊಸ ಬಡಾವಣೆಯೊಂದು ಗೇಟು ನಿಲ್ಲಿಸಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತು ಕೆರೆ ಏರಿಯನ್ನೆಲ್ಲ ಬಳಸಿ ಬರುವಷ್ಟರಲ್ಲಿ ಸೊಪ್ಪು ಬಾಡುತ್ತಿತ್ತು. ಊರಿನ ದಾರಿಯನ್ನು ಮುಚ್ಚುವುದು ಕಳ್ಳತನ. ಆ ಬಡಾವಣೆಯೇ ನಮ್ಮ ದೂರು ಕಾರ್ಯಕ್ರಮದ ಪ್ರಾಯೋಜಕ! ಅಜ್ಜಿ ಎಷ್ಟು ಬಾರಿ ಕರೆ ಮಾಡಿದರೂ, ಬಡಾವಣೆಯ ಹೆಸರು ಬಾಯಿಗೆ ಬಂದೊಡನೆ ಲೈನ್ ಕಟ್ ಆಗುತ್ತಿತ್ತು.

ಸಭೆಯಲ್ಲಿ ನಾನು ಇದನ್ನು ಪ್ರಶ್ನಿಸಿದೆ. ವ್ಯವಸ್ಥಾಪಕರು ತಾಳ್ಮೆಯಿಂದ ಕೇಳಿಸಿಕೊಂಡು, ನಾನು ಹೇಳುವುದೆಲ್ಲ ನ್ಯಾಯವೇ ಎಂದು ಒಪ್ಪಿ, ಸ್ಟೇಷನ್ ಉಳಿದರೆ ತಾನೆ ನ್ಯಾಯ ಎಂದು ಚಹಾ ತರಿಸಿದರು. ನಿರೂಪಕಿ ಚಹಾ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ, ಹಾಡು ಹೋಗುತ್ತಿದ್ದಾಗ, ಅಜ್ಜಿ ನಮ್ಮ ಬಾಗಿಲಲ್ಲೇ ನಿಂತಿದ್ದರು. ದನಿಯಿಂದಲೇ ನಿರೂಪಕಿಯನ್ನು ಗುರುತಿಸಿ, ಅವರ ಕೈಗೆ ದಂಟಿನ ಸೊಪ್ಪಿನ ಕಟ್ಟು ಇಟ್ಟರು.

‘ಬೇಜಾರ್ ಮಾಡ್ಕೋಬ್ಯಾಡ ಕಣವ್ವ. ನನ್ ಫೋನೇ ಸರಿ ಇಲ್ಲ. ರಿಪೇರಿ ಮಾಡುಸ್ದೆ, ಸಿಮ್ಮೂ ಬದಲಾಯಿಸ್ದೆ, ಆದ್ರೂ ಕಟ್ ಆಯ್ತದೆ. ಪಾಪ, ನೀನೂ ಎಷ್ಟು ಸಲ ಅಂತ ಅಲೋ ಅಲೋ ಅಂತೀಯ. ಅದ್ಕೇ ನಾನೇ ಬಂದೆ.’

ನಮ್ಮ ಸುಳ್ಳಿಗೆ ಅವರು ಕ್ಷಮೆ ಕೇಳುತ್ತಿದ್ದರು. ಅನ್ಯಾಯದ ಇಷ್ಟು ಪೂರ್ಣವಾದ ರೂಪವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿರೂಪಕಿ ಸೊಪ್ಪನ್ನು ಮೇಜಿನ ಮೇಲಿಟ್ಟರು. ಆಮೇಲೆ ಅಜ್ಜಿಯ ಕೈ ಹಿಡಿದು ಒಳಗೆ ಕರೆದೊಯ್ದು, ಎದುರಿನ ಕುರ್ಚಿಯಲ್ಲಿ ಕೂರಿಸಿ, ಮೈಕನ್ನು ಅವರ ಬಾಯಿಯ ಎತ್ತರಕ್ಕೆ ಬಗ್ಗಿಸಿದರು. ಹಾಡು ಮುಗಿಯಿತು. ಅಜ್ಜಿ ಬಡಾವಣೆಯ ಹೆಸರು ಹೇಳಿದರು. ಗೇಟಿನ ಬಣ್ಣವನ್ನೂ ಹೇಳಿದರು. ಓಡಿಬಂದ ವ್ಯವಸ್ಥಾಪಕರು ಸ್ಟುಡಿಯೊದ ಗಾಜಿನಾಚೆ ನಿಂತು ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರು.

ಅವರನ್ನು ನೋಡುತ್ತಲೇ ನಿರೂಪಕಿ ಮೈಕಿನಲ್ಲಿ ಹೇಳಿದರು: ‘ಅಜ್ಜಿ, ನಿಮ್ಮ ಫೋನು ಯಾವತ್ತೂ ಕೆಟ್ಟಿರಲಿಲ್ಲ. ಕಟ್ ಮಾಡ್ತಿದ್ದಿದ್ದು ನಾನು. ನೀವು ಹೇಳಿ.’

ಮರುವಾರ ನಿರೂಪಕಿಯನ್ನು ಹುಟ್ಟುಹಬ್ಬದ ಶುಭಾಶಯ ಕಾರ್ಯಕ್ರಮಕ್ಕೆ ವರ್ಗಾಯಿಸಿದರು, ಅಲ್ಲಿ ದೂರುಗಳಿರುವುದಿಲ್ಲವಂತೆ. ಸತ್ಯ ನುಡಿದವರಿಗೆ ಕೊಡುವ ಶಿಕ್ಷೆಯನ್ನು ಬದಲಾವಣೆ ಎಂದರು. ಕತ್ತರಿಸಲು ಸಂಬಳವಿಲ್ಲದ್ದರಿಂದ ನಾನು ಅಲ್ಲೇ ಉಳಿದೆ. ಬಡಾವಣೆಯವರು ಗೇಟಿನ ಪಕ್ಕದಲ್ಲಿ ಒಬ್ಬರು ಅಡ್ಡಡ್ಡ ನುಸುಳುವಷ್ಟು ಸಂದಿ ಬಿಟ್ಟು, ಸಾರ್ವಜನಿಕರಿಗೆ ಅನುಕೂಲ ಎಂಬ ಫಲಕ ಹಾಕಿದರು. ಬುಟ್ಟಿ ಅದರಲ್ಲಿ ತೂರುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಹುಟ್ಟುಹಬ್ಬದ ಕಾರ್ಯಕ್ರಮಕ್ಕೆ ಪರಿಚಿತ ದನಿಯ ಕರೆ ಬಂತು. ಯಾರ ಹುಟ್ಟುಹಬ್ಬವೆಂದು ನಿಯಮದಂತೆ ಕೇಳಿದೆ.

‘ನಂದೇ ಅಂತ ಬರ್ಕೊಳಪ್ಪ. ಉಟ್ಟಿದ್ ದಿನ ಯಾರಿಗ್ ಗೊತ್ತು?’

ದಾಟಿಸಿದೆ. ನಿರೂಪಕಿ ಶುಭಾಶಯ ಕೋರಿ, ಉಡುಗೊರೆ ಏನು ಬೇಕೆಂದು ಕೇಳಿದರು.

‘ಬುಟ್ಟಿ ತೂರೋವಷ್ಟು ದಾರಿ ಕೊಡುಸ್ರವ್ವ,’ ಎಂದು ಶುರುಮಾಡಿದರು ಅಜ್ಜಿ. ಗಾಜಿನಾಚೆ ಯಾರೋ ಓಡಿ ಬರುತ್ತಿದ್ದರು. ನಿರೂಪಕಿಯ ಎರಡೂ ಕೈಗಳು ಫೇಡರನ್ನು ಬಿಟ್ಟು ಮಡಿಲಲ್ಲಿದ್ದವು.