ಇಲಿಗಳಿಗೆ ಮುದ್ದೆ ಕಟ್ಟಿದ ವಾರ

ನಮ್ಮತ್ತೆ ಮೈಸೂರಿನಿಂದ ಸಿಂಗಾಪುರದ ಹೌಗಾಂಗ್‌ನ ನಮ್ಮ ಫ್ಲಾಟಿಗೆ ಬಂದಿದ್ದಾಗಲೇ ನನ್ನ ಇಲಿಗಳ ಫಲಿತಾಂಶ ಹೊರಬಿದ್ದದ್ದು. 2015ರ ಆಸುಪಾಸು. ಸೊಸೆ ಲ್ಯಾಬಿನಲ್ಲಿದ್ದಾಳೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಅಲ್ಲಿ ಏನು ಮಾಡುತ್ತಾಳೆಂದು ಯಾರೂ ಬಿಡಿಸಿ ಹೇಳಿರಲಿಲ್ಲ.

"ಇಲೀನ ಜಾಲರಿ ತಳದ ಪಂಜರದಲ್ಲಿ ಬಿಟ್ಟು, ಕೆಳಗೆ ಅದರ ಉಚ್ಚೆ ಹಿಡೀತೀವಿ ಅತ್ತೆ. ಮೆಗ್ನೀಸಿಯಂ ಎಷ್ಟಿದೆ ಅಂತ ಚೆಕ್ ಮಾಡ್ತೀವಿ."

"ಅಷ್ಟೆಲ್ಲ ಓದಿ ಇಲಿ ಉಚ್ಚೆ ಹಿಡಿಯೋಕೆ ಸಿಂಗಾಪುರಕ್ಕೆ ಬಂದ್ಯೇನೇ? ನಮ್ಮ ಅಟ್ಟದ ಮೇಲೇ ಬೇಕಾದಷ್ಟಿದ್ವಲ್ಲ!"

ಅವರ ತವರಿನ ಕೆರೆಯನ್ನೇ ಹಿಡಿದು ವಿವರಿಸಿದೆ. ತೂಬನ್ನು ಯಾವಾಗ, ಎಷ್ಟು ತೆಗೆಯಬೇಕೆಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದನಲ್ಲ, ಹಾಗೆಯೇ ಮೂತ್ರಪಿಂಡದಲ್ಲಿ ಖನಿಜಗಳನ್ನು ಉಳಿಸಿಕೊಳ್ಳುವ ಜೀನ್‌ಗಳನ್ನು ಇನ್ನೊಂದು ಜೀನ್ ಹತೋಟಿಯಲ್ಲಿಟ್ಟಿದೆ ಎಂಬುದು ನನ್ನ ಊಹೆ. ಆ ನೀರುಗಂಟಿ ಜೀನ್ ಇಲ್ಲದಂತೆ ಮಾಡಿದ ಇಲಿಗಳ ಮೂತ್ರದಲ್ಲಿ ಮೆಗ್ನೀಸಿಯಂ ಸೋರಿಹೋಗಬೇಕು. ಸೋರಿದರೆ ನನ್ನ ಕೆಲಸದ ಒಪ್ಪಂದ ಮುಂದುವರಿಯುತ್ತದೆ, ಇಲ್ಲದಿದ್ದರೆ ವರ್ಷಾಂತ್ಯಕ್ಕೆ ಮುಗಿಯುತ್ತದೆ. ನಮ್ಮ ಪ್ರೊಫೆಸರಮ್ಮ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಸೋರಿತು. ಧಾರಾಳವಾಗಿಯೇ ಸೋರಿತು. ಇಲ್ಲೇ ಹುಟ್ಟಿ ಬೆಳೆದ, ನಗುವುದೇ ಅಪರೂಪವಾದ ಆ ಪ್ರೊಫೆಸರ್ "ಐ ಟೋಲ್ಡ್ ಯು ಲಾ!" ಎಂದು ಲ್ಯಾಬಿನವರಿಗೆಲ್ಲ ಕಾಫಿ ಕೊಡಿಸಿದರು. ಮನೆಯಲ್ಲಿ ಶಾವಿಗೆ ಪಾಯಸವಾಯಿತು. "ಇಲಿ ಉಚ್ಚೆಗೆ ಪಾಯಸ ಮಾಡಿದವಳು ನಮ್ಮ ವಂಶದಲ್ಲೇ ನಾನೊಬ್ಳೇ" ಎಂದರು ಅತ್ತೆ.

ಎರಡು ದಿನದ ಮೇಲೆ ಪಂಜರಗಳನ್ನು ತೊಳೆಯಲು ಬಿಚ್ಚಿದೆ. ಜೀನ್ ಇಲ್ಲದ ಇಲಿಗಳ ಪಂಜರಗಳಲ್ಲಿ, ಮೂತ್ರ ಇಳಿಯುವ ಬಾಯಿಯ ಸುತ್ತ ಕಂದು ಬಣ್ಣದ ರಾಡಿ. ಮುಟ್ಟಿದರೆ ಮೇವಿನ ಪುಡಿ. ಅವು ಗಟ್ಟಿ ಮೇವನ್ನು ತಿನ್ನುವುದಕ್ಕಿಂತ ಕೊರೆದು ಚೆಲ್ಲುವುದೇ ಹೆಚ್ಚು. ಹೋಲಿಕೆಗೆಂದು ಇಟ್ಟಿದ್ದ, ಜೀನ್ ಇರುವ ಇಲಿಗಳು ಅಚ್ಚುಕಟ್ಟಾಗಿ ತಿನ್ನುತ್ತಿದ್ದವು. ಮೇವಿನಲ್ಲೇ ಮೆಗ್ನೀಸಿಯಂ ಇರುತ್ತದೆ. ಹಾಗಾದರೆ ನಾನು ಅಳೆದದ್ದು ಮೂತ್ರಪಿಂಡ ಬಿಟ್ಟದ್ದನ್ನೋ, ಬಾಯಿ ಚೆಲ್ಲಿದ್ದನ್ನೋ? ಪಾಯಸ ಇನ್ನೂ ಫ್ರಿಜ್ಜಿನಲ್ಲಿತ್ತು.

ಪ್ರೊಫೆಸರಿಗೆ ಹೇಳಿದೆ. ಅವರು ಬಂದು ಬಗ್ಗಿ ನೋಡಿದರು, ಬೆರಳಲ್ಲಿ ಉಜ್ಜಿದರು. "ಡು ಅಗೇನ್" ಎಂದಷ್ಟೇ ಹೇಳಿ ಹೋದರು.

ಪುಡಿ ಉದುರದಿರಲೆಂದು ಈ ಸಲ ಮೇವನ್ನು ಅರೆದು, ನೀರು ಹಾಕಿ ನಾದಿ, ಉಂಡೆ ಮಾಡಿ ಇಟ್ಟೆ. ಯಾಕೆ ತಡ ಎಂದು ಅತ್ತೆ ಫೋನ್ ಮಾಡಿದರು.

"ಇಲಿಗೆ ಮುದ್ದೆ ಕಟ್ತಿದೀನಿ ಅತ್ತೆ."

"ಸೊಸೆ ಕೈ ಮುದ್ದೆ ಇಲಿಗೆ, ನನ್ನ ಮಗನಿಗೆ ಮಾತ್ರ ಬ್ರೆಡ್ಡು! ನಡೀಲಿ, ನಡೀಲಿ."

ವಾರದ ಕೊನೆಗೆ ಅಂಕಿಗಳು ಬಂದವು. ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ನೀರುಗಂಟಿ ಇಲ್ಲದೆಯೂ ತೂಬು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಪ್ರೊಫೆಸರ್ ಪರದೆಯ ಅಂಕಿಗಳನ್ನು ಒಂದೊಂದಾಗಿ ನೋಡಿದರು. "ಸೋ, ಕಿಡ್ನಿ ಈಸ್ ಫೈನ್" ಎಂದರು. ಒಪ್ಪಂದದ ಮಾತನ್ನು ಇಬ್ಬರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ನಾನು ಬಾಗಿಲ ಹತ್ತಿರ ಹೋದಾಗ, ನನ್ನ ಕೆಲಸಕ್ಕಾಗಿ ಬೇರೆ ಲ್ಯಾಬಿನವರಿಗೆ ತಾವೇ ಒಂದು ಮಾತು ಹೇಳುವುದಾಗಿ ಕೂಗಿ ಹೇಳಿದರು.

ಸಂಜೆ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದ ಕಲ್ಲುಬೆಂಚಿನ ಮೇಲೆ ಅತ್ತೆ ಕೂತಿದ್ದರು. ಪಕ್ಕದಲ್ಲಿ ಕೂತೆ.

"ಹೋಯ್ತು ಅತ್ತೆ. ಏನೂ ಸೋರ್ತಿಲ್ಲ."

"ಅಂದ್ರೆ ಆ ಇಲಿಗಳಿಗೆ ಕಾಯಿಲೆ ಇಲ್ಲ ತಾನೆ?"

"ಇಲ್ಲ. ಚೆನ್ನಾಗೇ ಇವೆ."

"ಸದ್ಯ" ಎಂದು ಉಸಿರುಬಿಟ್ಟರು.

ಆ ಪ್ರಾಣಿಗಳಿಗೆ ಕಾಯಿಲೆಯಾಗಲಿ ಎಂದೇ ನಾನು ಇಷ್ಟು ವರ್ಷ ಕಾದಿದ್ದೆ. ಆಗಲಿಲ್ಲ ಎಂಬುದು ಯಾರಿಗಾದರೂ ಒಳ್ಳೆಯ ಸುದ್ದಿಯಾಗಬಹುದೆಂದು ಹೊಳೆದೇ ಇರಲಿಲ್ಲ.

ಬಸ್ ಸ್ಟಾಪಿನ ಕಡೆಯಿಂದ ನನ್ನ ಗಂಡ ಬರುವುದು ಕಾಣಿಸಿತು. ಅತ್ತೆ ಮಂಡಿ ಹಿಡಿದುಕೊಂಡು ಎದ್ದರು.

"ನಿನ್ ಕೆಲಸದ ವಿಷ್ಯ ಅವನಿಗೆ ನಾನು ಹೇಳ್ತೀನಿ. ನೀನು ಮೇಲೆ ಹೋಗಿ ಮುಖ ತೊಳ್ಕೋ."