ಇದ್ದಿಲು ಬಸ್ಸಿನ ಎಡಗಡೆ ಸೀಟು

ನಾನು ಹುಟ್ಟಾ ಸಂಶಯದ ಮನುಷ್ಯ. ಕೌಲ್ ಬಜಾರಿನಲ್ಲಿ ಯಾರಾದರೂ ಎದುರು ಸಿಕ್ಕು ‘ಊಟ ಆತೇನ್ರಿ?’ ಎಂದರೂ, ಇವನಿಗೆ ನನ್ನ ಊಟದ ಉಸಾಬರಿ ಯಾಕೆ ಎಂದು ಸಂಜೆಯವರೆಗೆ ತಲೆ ಕೆಡಿಸಿಕೊಳ್ಳುತ್ತಿದ್ದೆ. ಅಂಥವನ ಕೈಗೆ ನಮ್ಮ ಸಾವುಕಾರರು ಒಬ್ಬ ಶಿಷ್ಯನನ್ನು ಒಪ್ಪಿಸಿದರು.

ಆಗ ನಾನು ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗುವ ಬಸ್ಸಿನ ಡ್ರೈವರು. ಎರಡನೇ ಮಹಾಯುದ್ಧ ಮುಗಿದು ವರ್ಷವಾಗಿದ್ದರೂ ಪೆಟ್ರೋಲಿಗೆ ಕೂಪನ್ನಿನ ಕಾಟ ತಪ್ಪಿರಲಿಲ್ಲ. ಹೀಗಾಗಿ ನಮ್ಮದು ಇದ್ದಿಲು ಬಸ್ಸು. ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು, ಅದರ ತುಂಬ ಜಾಲಿ ಇದ್ದಿಲು. ಬೆಂಕಿ ಹಾಕಿ, ಕೈಯಿಂದ ತಿರುಗಿಸುವ ಫ್ಯಾನಿನಿಂದ ಗಾಳಿ ಊದಿದರೆ ಹೊಗೆ ಹುಟ್ಟುತ್ತಿತ್ತು. ಆ ಹೊಗೆ ಬಸ್ಸಿನಡಿಯ ಕೊಳವೆಯಲ್ಲಿ ಮುಂದಕ್ಕೆ ಹರಿದು ಇಂಜಿನ್ನಿಗೆ ಸೇರಿ ಪೆಟ್ರೋಲಿನ ಕೆಲಸ ಮಾಡುತ್ತಿತ್ತು. ಎಷ್ಟು ಊದಬೇಕು, ಕುರುಗೋಡಿನ ಏರಿನಲ್ಲಿ ಇಂಜಿನ್ನು ಕೆಮ್ಮಿದರೆ ಏನು ಮಾಡಬೇಕು, ಇದನ್ನೆಲ್ಲ ಬಲ್ಲವನು ಆ ದಾರಿಗೆಲ್ಲ ನಾನೊಬ್ಬನೇ ಎಂದು ಬೀಗುತ್ತಿದ್ದೆ.

ಒಂದು ಬೆಳಿಗ್ಗೆ ಸಾವುಕಾರರು ಶೆಡ್ಡಿಗೆ ಒಬ್ಬನನ್ನು ಕರೆತಂದರು. ಮೂವತ್ತರ ಆಸುಪಾಸು, ಖಾಕಿ ಅಂಗಿ, ನೆಟ್ಟಗೆ ನಿಂತ ಬೆನ್ನು. ಕುರುಗೋಡಿನವನು. ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದು, ಯುದ್ಧ ಮುಗಿದ ಮೇಲೆ ಹೆಂಡತಿ ಮಕ್ಕಳೊಂದಿಗೆ ಊರಲ್ಲಿ ಕೆಲಸವಿಲ್ಲದೆ ಕೂತಿದ್ದ.

“ಇಂವಗ ನಿನ್ನ ಕೆಲಸ ಕಲಿಸಪಾ,” ಎಂದರು ಸಾವುಕಾರರು. “ಇನ್ನೊಂದು ಬಸ್ಸು ತರಾಕತ್ತೀನಿ. ಇಂವನ ಕೈ ಕುದುರೇತಿ ಅಂತ ನೀ ಅಂದ್ರ ಆ ಬಸ್ಸು ಇಂವಗ. ನೀ ಬ್ಯಾಡ ಅಂದ್ರ ಬ್ಯಾಡ.”

ಇನ್ನೊಂದು ಬಸ್ಸಂತೆ! ನನ್ನ ಕಿವಿಗೆ ಬಿದ್ದದ್ದೇ ಬೇರೆ. ಇವನು ಕಲಿತ ದಿನ ನನಗೆ ಮನೆಯ ದಾರಿ. ಇವನು ಕಡಿಮೆಗೆ ದುಡಿಯುತ್ತಾನೆ, ಮೇಲಾಗಿ ಮಿಲಿಟರಿ ಶಿಸ್ತು, ಇನ್ನು ನನ್ನನ್ನು ಯಾರು ಕೇಳುತ್ತಾರೆ? ಹಲ್ಲು ಕಚ್ಚಿಕೊಂಡು ಆಗಲಿ ಎಂದೆ.

ಆಸಾಮಿ ಜೇಬಿನಲ್ಲಿ ಒಂದು ನೋಟುಬುಕ್ಕು, ಕಿವಿಗೆ ಪೆನ್ಸಿಲು ಇಟ್ಟುಕೊಂಡೇ ಬರುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುವನು. ಮೇಲೆ ಪ್ರಶ್ನೆಗಳು. “ಉಸ್ತಾದ್, ಹೊಗಿ ಸೋಸೋ ಡಬ್ಬ್ಯಾಗಿನ ನಾರು ಯಾಕ ಒದ್ದಿ ಮಾಡ್ತೀರಿ?” ಎಂದು ಕೇಳಿದ ಒಂದು ದಿನ. ನಾಲ್ಕು ವರ್ಷದಿಂದ ಒದ್ದೆ ಮಾಡುತ್ತಿದ್ದೆ, ಯಾಕೆಂದು ಯಾವನಿಗೆ ಗೊತ್ತು? “ಮಾಡಬೇಕು, ಅದಕ್ಕ,” ಎಂದು ಗದರಿದೆ. ಆದರೆ ಸಿರುಗುಪ್ಪ ಮುಟ್ಟುವವರೆಗೆ ಅದೇ ಯೋಚನೆ. ಅಲ್ಲಿ ಡಬ್ಬಿ ಬಿಚ್ಚಿ ನೋಡಿದೆ. ಒದ್ದೆ ನಾರಿಗೆ ಮಸಿ ಹಿಡಿದುಕೊಂಡಿತ್ತು, ಒಣಗಿದ ಕಡೆ ದಾಟಿ ಹೋಗಿತ್ತು. ಮರುದಿನ ಹುಟ್ಟಿದಾಗಿನಿಂದ ಬಲ್ಲವನಂತೆ ಅವನಿಗೆ ವಿವರಿಸಿದೆ. ಅವತ್ತಿನಿಂದ ನಾರನ್ನು ದಾರಿಯಲ್ಲೂ ಒಮ್ಮೆ ತೋಯಿಸತೊಡಗಿದೆವು. ಬಸ್ಸು ದಾರಿಯಲ್ಲಿ ನಿಲ್ಲುವುದು ಕಡಿಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಕಲಿಸುವುದರಲ್ಲಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಆದರೂ ಒಂದನ್ನು ಬಚ್ಚಿಟ್ಟುಕೊಂಡೆ. ಏರು ಬಂದಾಗ ಇಂಜಿನ್ನಿಗೆ ಗಾಳಿ ಬಿಡುವ ತಿರುಪನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಬೇಕು. ಏರಿನ ಬುಡದಲ್ಲಿ ಬಸ್ಸು ನಿಲ್ಲಿಸಿ, “ಕೆಳಗಿಳಿದು ಹಿಂದಿನ ಟಾಯರ್ ನೋಡಿ ಬಾ,” ಎಂದು ಅವನನ್ನು ಅಟ್ಟಿ, ಆ ಕೆಲಸ ಮುಗಿಸಿಬಿಡುತ್ತಿದ್ದೆ; ಮುಂದೆ ಅವನ ಕೈಗೆ ಸ್ಟೇರಿಂಗು ಕೊಟ್ಟ ಮೇಲೂ ಇದನ್ನು ಬಿಡಲಿಲ್ಲ.

ಅವನು ಸ್ಟೇರಿಂಗು ಹಿಡಿಯತೊಡಗಿದ ಮೇಲೆ ನಾನು ಪಕ್ಕದ ಎಡಗಡೆ ಸೀಟಿಗೆ ಸರಿದೆ. ವಾರ ಕಳೆಯುವುದರೊಳಗೆ ತಲೆನೋವು ಶುರುವಾಯಿತು. ಸಾದಾ ತಲೆನೋವಲ್ಲ, ಹಣೆಗೆ ಹಗ್ಗ ಕಟ್ಟಿ ಬಿಗಿದಂತೆ. ಸಿರುಗುಪ್ಪದಲ್ಲಿ ಇಳಿದರೆ ಕಾಲು ನಡುಗುತ್ತಿತ್ತು, ಊಟ ಸೇರುತ್ತಿರಲಿಲ್ಲ.

ಒಂದು ದಿನ ಅವನು ಮೆಲ್ಲಗೆ, “ಉಸ್ತಾದ್, ನೀವು ಈ ಸೀಟಿನ್ಯಾಗ ಕುಂದರಬ್ಯಾಡ್ರಿ. ಹಿಂದ ಕುಂದರ್ರಿ. ಇಲ್ಲೇನೋ ವಾಸನಿ...” ಎಂದ.

“ಏನಲೇ! ನನ್ನ ಬಸ್ಸಿನ್ಯಾಗ ನನಗ ಹಿಂದ ಹೋಗು ಅಂತೀಯಾ? ಇದ್ದಿಲ ವಾಸನಿ ನನಗ ಹೇಳಿಕೊಡಾಕ ಬಂದಿ?” ಎಂದು ಹರಿಹಾಯ್ದೆ. ಅವನು ಗೇರು ಬದಲಿಸಿ ಬಸ್ಸು ಮುಂದಕ್ಕೆ ಬಿಟ್ಟ.

ಮನೆಯಲ್ಲಿ ನನ್ನ ಹೆಂಡತಿ ಕೇಳಿದಳು. “ಏನ್ರೀ, ದಾರ್ಯಾಗ ಏನರ ಕುಡೀತೀರೇನು?”

“ಕುರುಗೋಡಿನ್ಯಾಗ ಮಜ್ಜಿಗಿ. ಆ ಮಿಲಿಟರಿಯವ ದಿನಾ ಮನಿಯಿಂದ ತಂದು ಕೊಡ್ತಾನ.”

ಅವಳು ಹಣೆ ಚಚ್ಚಿಕೊಂಡಳು. “ಅಯ್ಯ ನಮ್ಮವ್ವಾ! ಮದ್ದು ಹಾಕ್ಯಾರ!”

ನಮ್ಮ ಕಡೆ ಮದ್ದು ಅಂದರೆ ಔಷಧವಲ್ಲ. ಹೊಟ್ಟೆಕಿಚ್ಚಿನವರು ತಿನ್ನುವುದರಲ್ಲೋ ಕುಡಿಯುವುದರಲ್ಲೋ ಏನನ್ನೋ ಬೆರೆಸಿ ಹಾಕುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ದಿನದಿನಕ್ಕೆ ಸೊರಗಿಸುತ್ತದೆ ಎಂಬ ನಂಬಿಕೆ. ಅವಳು ಹೇಳಿದ್ದೇ ತಡ, ನನಗೆ ಎಲ್ಲ ನಿಚ್ಚಳವಾಗಿ ಕಂಡಿತು. ಇವನು ಬಂದ ಮೇಲೆ ತಾನೇ ತಲೆನೋವು ಬಂದದ್ದು? ನಾನು ಹಾಸಿಗೆ ಹಿಡಿದರೆ ಸ್ಟೇರಿಂಗು ಯಾರ ಕೈಗೆ? ಕಳ್ಳ, ಉಸ್ತಾದ್ ಉಸ್ತಾದ್ ಎಂದು ಕರೆಯುತ್ತಲೇ ಗೋರಿ ತೋಡುತ್ತಿದ್ದಾನೆ!

ಸಂಗನಕಲ್ಲಿನ ದಾರಿಯಲ್ಲಿ ಮದ್ದು ತೆಗೆಯುವ ಒಬ್ಬ ಮುದುಕನಿದ್ದ. ಬರಿಹೊಟ್ಟೆಯಲ್ಲಿ ಯಾವುದೋ ಸೊಪ್ಪಿನ ರಸ ಕುಡಿಸಿದ. ಕರುಳು ಬಾಯಿಗೆ ಬರುವಂತೆ ವಾಂತಿಯಾಯಿತು. ಮುದುಕ ಕಡ್ಡಿಯಿಂದ ಅದರಲ್ಲಿ ಕೆದಕಿ ಕರ‍್ರಗಿನ ಚೂರೊಂದನ್ನು ತೋರಿಸಿ, “ಇದ ನೋಡ್ರಿ,” ಎಂದ. ಮೂರು ದಿನ ಮನೆಯಲ್ಲಿ ಮಲಗಿದೆ. ತಲೆನೋವು ಹೇಳಹೆಸರಿಲ್ಲದೆ ಹೋಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನೇರ ಸಾವುಕಾರರ ಹತ್ತಿರ ಹೋಗಿ ಹೇಳಿದೆ. “ಖರೇನ?” ಎಂದರು ಅವರು. “ದೇವರಾಣಿ,” ಎಂದೆ. ಅವನನ್ನು ಅದೇ ದಿನ ಕೆಲಸದಿಂದ ಬಿಡಿಸಿದರು. ಅವನು ನನ್ನನ್ನೊಮ್ಮೆ ನೋಡಿ, ನೋಟುಬುಕ್ಕನ್ನು ಜೇಬಿಗಿಟ್ಟುಕೊಂಡು ಹೋದ. ಅಷ್ಟಕ್ಕೆ ಬಿಟ್ಟೆನೇ? ಶೆಡ್ಡಿನಲ್ಲಿ ಹೇಳಿದೆ, ಕುರುಗೋಡಿನ ಹೋಟೆಲಿನಲ್ಲಿ ಹೇಳಿದೆ, ಸಿರುಗುಪ್ಪದಲ್ಲಿ ಕೇಳದವರನ್ನೂ ಕರೆದು ಹೇಳಿದೆ. ಮದ್ದಿನ ಮನೆ ಎಂಬ ಹೆಸರು ಒಮ್ಮೆ ಅಂಟಿದರೆ ಮುಗಿಯಿತು, ಆ ಮನೆಯಲ್ಲಿ ಯಾರೂ ಹನಿ ನೀರು ಮುಟ್ಟುವುದಿಲ್ಲ. ಅವನ ಹೆಂಡತಿಯ ಹತ್ತಿರ ಹೆಪ್ಪಿಗೆ ಬರುತ್ತಿದ್ದ ನೆರೆಯವರು ಬರುವುದನ್ನು ಬಿಟ್ಟರು ಎಂದು ಪ್ಯಾಸೆಂಜರೊಬ್ಬರು ಹೇಳಿದರು. ನನಗೆ ಒಳ್ಳೆಯದೇ ಆಯಿತು ಅನ್ನಿಸಿತು.

ನಾನು ಮತ್ತೆ ಸ್ಟೇರಿಂಗಿಗೆ ಬಂದೆ, ಎಡಗಡೆ ಸೀಟು ಖಾಲಿ ಉಳಿಯಿತು. ತಲೆನೋವು ಬರಲೇ ಇಲ್ಲ.

ಎರಡು ವಾರದ ಮೇಲೆ ಸಾವುಕಾರರು ಸಿರುಗುಪ್ಪಕ್ಕೆ ಹೊರಟರು. ಅವರಿಗೆ ಮರ್ಯಾದೆಯ ಜಾಗ ಎಂದು ನನ್ನ ಎಡಗಡೆ ಸೀಟನ್ನೇ ಒರೆಸಿ ಕೊಟ್ಟೆ. ಲಿಂಗಪೂಜೆ ಮಾಡುವ ಕಟ್ಟುನಿಟ್ಟಿನ ಜನ, ಮನೆಯ ತಂಬಿಗೆಯ ನೀರು ಬಿಟ್ಟು ಹೊರಗಿನದೇನೂ ಮುಟ್ಟುತ್ತಿರಲಿಲ್ಲ. ತೆಕ್ಕಲಕೋಟೆ ಬರುವಷ್ಟರಲ್ಲಿ ಹಣೆ ಒತ್ತಿಕೊಳ್ಳತೊಡಗಿದರು. ಸಿರುಗುಪ್ಪದಲ್ಲಿ ಇಳಿಯಲು ಹೋಗಿ ಮೊಣಕಾಲು ಕುಸಿದು, ರಸ್ತೆ ಬದಿಗೆ ಕೂತು ವಾಂತಿ ಮಾಡಿಕೊಂಡರು. ಬೇವಿನ ನೆರಳಲ್ಲಿ ಮಲಗಿಸಿ ಗಾಳಿ ಹಾಕಿದೆ.

“ತಲಿ ಸೀಳಾಕತ್ತೈತಿ,” ಎಂದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, “ಆ ಸೀಟಿನ ಕೆಳಗ ಏನೈತಿ?” ಎಂದು ಕೇಳಿದರು.

ಬಸ್ಸಿನಡಿಗೆ ನುಸುಳಿದೆ. ಸೀಟಿನ ಸರೀ ಕೆಳಗೆ ಹೊಗೆ ಕೊಳವೆಯ ಜೋಡಣೆ ಬಾಯಿ ಬಿಟ್ಟಿತ್ತು. ಮೇಲಿನ ಹಲಗೆಯ ಸಂದಿನ ಸುತ್ತ ಮಸಿ ಹಿಡಿದಿತ್ತು. ಇಂಜಿನ್ನಿಗೆ ಹೋಗಬೇಕಾದ ವಿಷದ ಹೊಗೆ ಅಲ್ಲಿಂದ ಸೋರಿ, ಆ ಸೀಟಿನಲ್ಲಿ ಕೂತವರ ಮೂಗಿಗೆ ಹೋಗುತ್ತಿತ್ತು. ಮಜ್ಜಿಗೆಯೂ ಅಲ್ಲ, ಮದ್ದೂ ಅಲ್ಲ. ಅವನು ಹೇಳಲು ಬಂದದ್ದು ಇದನ್ನೇ.

ಅಲ್ಲಿಯೇ ಅಂಗಾತ ಬಿದ್ದುಕೊಂಡಿದ್ದೆ. ಜೋಡಣೆ ಬಿಗಿ ಮಾಡಿ ಹೊರಬಂದು, ಬಿಸಿಲಿನ ಝಳ ಬಡಿದೈತ್ರಿ ಸಾವುಕಾರ್ರೇ ಎಂದರೆ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ನಾಲಿಗೆಯ ತುದಿಗೂ ಬಂದಿತ್ತು. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಹೊರಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

“ಅಂದ್ರ ಆ ಮನುಷ್ಯಾಂದು ಏನು ತಪ್ಪಿತ್ತು?”

“ಏನೂ ಇಲ್ರಿ.”

“ಬಸ್ಸು ಬಂದು ಶೆಡ್ಡಿನ್ಯಾಗ ನಿಂತೈತಿ, ಓಡಸವರಿಲ್ಲ,” ಎಂದರು ಸಾವುಕಾರರು. “ನೀನ ಕಳಿಸೀದಿ, ನೀನ ಹೋಗಿ ಕರಕೊಂಡು ಬಾ.”

ಮರುದಿನ ಮಧ್ಯಾಹ್ನ ಕುರುಗೋಡಿನ ಅವನ ಓಣಿಗೆ ಹೋದೆ. ಅವನು ಕಟ್ಟೆಯ ಮೇಲೆ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ನಾನು ಓಣಿಗೆಲ್ಲ ಕೇಳುವ ಹಾಗೆ ಗಂಟಲು ಏರಿಸಿಯೇ ಹೇಳಿದೆ: “ತಪ್ಪು ನಂದ ಐತಿ! ಪೈಪ್ ಸೋರತಿತ್ತು. ಇವರ ಮನ್ಯಾಗ ಮದ್ದೂ ಇಲ್ಲ ಮಣ್ಣೂ ಇಲ್ಲ!” ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಆಮೇಲೆ ದನಿ ತಗ್ಗಿಸಿ, “ಏರಿನ್ಯಾಗ ಗಾಳಿ ತಿರುಪು ಕಾಲು ಸುತ್ತು ಹಿಂದಕ್ಕ ತಿರುವಬೇಕು. ನಿನಗ ಅದೊಂದು ಮುಚ್ಚಿಟ್ಟಿದ್ದೆ,” ಎಂದೆ.

“ಗೊತ್ತಿತ್ರಿ,” ಎಂದ ಅವನು. “ನೀವು ಟಾಯರ್ ನೋಡು ಅಂದಾಗೆಲ್ಲ ಇಂಜಿನ್ ದನಿ ಕೇಳತಿದ್ದೆ.”

“ಬಸ್ಸು ನಿಂದ. ನಾಳಿ ಬಾ.”

ಅವನು ಹೊಸೆಯುತ್ತಿದ್ದ ನಾರನ್ನು ಪಕ್ಕಕ್ಕಿಟ್ಟ. ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ನೀರು ತಂದು, ತಂಬಿಗೆಯನ್ನು ನನ್ನ ಮುಂದೆ ಚಾಚಿದಳು. ಓಣಿಯೆಲ್ಲ ನೋಡುತ್ತಿತ್ತು. ಕೊಳವೆ ಸೋರಿದ್ದನ್ನು ಕಣ್ಣಾರೆ ಕಂಡವನು ನಾನು, ಈಗತಾನೆ ಕೂಗಿ ಹೇಳಿದವನೂ ನಾನೇ. ಆದರೂ ಅಯ್ಯೋ, ನನ್ನ ಕೈ ಅರ್ಧಕ್ಕೆ ನಿಂತುಬಿಟ್ಟಿತು. ಒಂದು ಗಳಿಗೆ, ಅಷ್ಟೇ.

ಅದನ್ನು ಅವನು ನೋಡಿದ. ಎದ್ದು ಬಂದು ಹೆಂಡತಿಯ ಕೈಯಿಂದ ತಂಬಿಗೆ ತೆಗೆದುಕೊಂಡು, ನನ್ನೆದುರೇ ಎರಡು ಗುಟುಕು ತಾನು ಕುಡಿದು, “ಈಗ ಕುಡೀರಿ, ಉಸ್ತಾದ್,” ಎಂದು ಮುಂದೆ ಹಿಡಿದ.

ಗಟಗಟ ಕುಡಿದೆ. ತಂಬಿಗೆ ಕೆಳಗಿಳಿಸಿ ನೋಡುವಷ್ಟರಲ್ಲಿ ಎದುರು ಮನೆಯವಳು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ನಾನು ಕೂಗಿದ್ದಕ್ಕಿಂತ ನನ್ನ ಕೈ ನಿಂತದ್ದನ್ನೇ ಓಣಿ ನಂಬಿತ್ತು. ಎರಡನೇ ಬಸ್ಸನ್ನು ಅವನೇ ಓಡಿಸಿದ. ಆದರೆ ಆ ತಿಂಗಳೇ ಸಂಸಾರವನ್ನು ಊರು ಬಿಡಿಸಿ ಬಳ್ಳಾರಿಗೆ ತಂದ.